ತಿಂಗಳಿಗೊಂದು ಮಿಲಿಮೀಟರ್

ಬೇಗ ಆಗಲ್ವಾ ಮೇಡಂ, ಅಂತ ಕೇಳಿದೆ.
ದುರ್ಗಿಗುಡಿಯ ಎರಡನೇ ಮಹಡಿ, ಬಾಯಿ ತೆರೆದೇ ಇತ್ತು,
ಮಾತು ಅರ್ಧ ಎಂಜಲಾಗಿ ಹೋಯಿತು.
ಡಾಕ್ಟರ್ ನುಸ್ರತ್‌ಗೆ ಹೇಗೋ ತಿಳಿಯಿತು.
ಎಲ್ಲರೂ ಕೇಳುವುದು ಅದೇ ಇರಬೇಕು.

ಒಂದು ಯಂತ್ರ ಇದೆ, ಅಂದರು. ಕಚ್ಚಿ ಹಿಡಿದರೆ
ದಿನಾ ಇಪ್ಪತ್ತು ನಿಮಿಷ ಗಡಗಡ ನಡುಗುತ್ತೆ,
ಹಲ್ಲು ಬೇಗ ಸರಿಯುತ್ತೆ ಅಂತ ಕಂಪನಿ ಹೇಳುತ್ತೆ.
ನನಗೆ ನಗು ತಡೆಯಲಿಲ್ಲ; ಕನ್ನಡಿಕಡ್ಡಿ ಒಸಡಿಗೆ ತಾಗಿತು.
ಹನ್ನೊಂದು ವರ್ಷದಿಂದ ತೀರ್ಥಹಳ್ಳಿ ರೂಟಿನ ಬಸ್ಸಲ್ಲಿ
ಬಾಗಿಲ ಕಂಬಿಗೆ ಒರಗಿ ನಿಂತವಳು ನಾನು.
ನಡುಗಿದರೆ ಹಲ್ಲು ಹೋಗುವುದಾಗಿದ್ದರೆ
ನನ್ನವು ಇಷ್ಟೊತ್ತಿಗೆ ಆಗುಂಬೆ ಇಳಿದಿರಬೇಕಿತ್ತು.

ಇನ್ನೊಂದು: ಮೂಳೆಗೆ ಸಣ್ಣ ಸಣ್ಣ ತೂತು.
ಗಾಯ ಮಾಡಿದರೆ ಮೈ ಗಾಬರಿಯಾಗಿ ಓಡಿಬರುತ್ತೆ,
ಆ ಗಡಿಬಿಡಿಯಲ್ಲಿ ಹಲ್ಲೂ ಸ್ವಲ್ಪ ಜರುಗುತ್ತೆ, ಕೆಲವರಿಗೆ.
ಕೆಂಪು ಬೆಳಕು ಹಾಯಿಸುವುದೂ ಉಂಟು.
ಖರ್ಚು ಹೇಳಿದರು. ನನ್ನ ಬ್ಯಾಗಿನ ಚಿಲ್ಲರೆ
ತಾನಾಗಿಯೇ ಸುಮ್ಮನಾಯಿತು.

ನಿಜ ಹೇಳಲಾ, ಅಂದರು ಗ್ಲೌಸು ಕಳಚುತ್ತಾ,
ಹಲ್ಲು ಹೋಗುವ ಕಡೆ ಮೂಳೆ ಕರಗಬೇಕು,
ಬಿಟ್ಟು ಬಂದ ಕಡೆ ಹೊಸದು ಕೂಡಬೇಕು.
ನನಗೆ ಮಂಡಗದ್ದೆ ಹತ್ತಿರದ ತಿರುವು ನೆನಪಾಯಿತು:
ಒಂದು ಬದಿ ಜೆಸಿಬಿ ಅಗೆಯುತ್ತೆ, ಇನ್ನೊಂದು ಬದಿ ಮಣ್ಣು ತುಂಬುತ್ತಾರೆ,
ನಡುವೆ ಕೆಂಪು ಬಾವುಟದ ಹುಡುಗ,
ಎಷ್ಟು ಹಾರ್ನ್ ಹೊಡೆದರೂ ಇಳಿಸುವುದಿಲ್ಲ.

ನಮ್ಮ ಬಸ್ಸಿಗೂ ಗವರ್ನರ್ ಇದೆ. ಹಾಲಪ್ಪ ಎಷ್ಟು ತುಳಿದರೂ
ಮುಳ್ಳು ಒಂದು ಕಡೆ ನಿಂತುಬಿಡುತ್ತೆ.
ಅವನು ಬೈಯುವುದು ಪೆಡಲಿಗೆ.

ಅವಸರ ಯಾಕೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.
ಮೂವತ್ತೆಂಟು ವರ್ಷ
ಅಂಗೈ, ಸೆರಗು, ಆಮೇಲೆ ಟಿಕೆಟ್ ಮಿಷನ್ನು,
ನಗುವಾಗ ಏನಾದರೊಂದು ಅಡ್ಡ ಹಿಡಿದಿದ್ದೇನೆ.
"ಹಲ್ಲಕ್ಕನ ಬಸ್ಸು ಹೋಯ್ತಾ?" ಅಂತ
ಗಾಜನೂರಿನ ಸ್ಟಾಪಲ್ಲಿ ಕೇಳುವ ಹೆಂಗಸರು
ಒಳ್ಳೆಯವರೇ. ನಾನು ಶೂನ್ಯದ ಟಿಕೆಟ್ ಹರಿದು ಕೊಡುತ್ತೇನೆ,
ಅವರು ಹಲಸಿನ ಹಪ್ಪಳ ಕೊಡುತ್ತಾರೆ.
ಈಗ ಕಡಿಯುವ ಹಾಗಿಲ್ಲ.

ತಿಂಗಳಿಗೆ ಒಂದು ಮಿಲಿಮೀಟರ್, ಅದೂ ಮೂಳೆ ಒಪ್ಪಿದರೆ.
ರಬ್ಬರು ತಪ್ಪದೆ ಹಾಕಿ, ಕರೆದ ದಿನ ಬನ್ನಿ,
ಇದಕ್ಕಿಂತ ಬೇಗದ ದಾರಿ ನಾನಂತೂ ಕಂಡಿಲ್ಲ.

ಐದನೇ ತಿಂಗಳು, ಸಕ್ರೆಬೈಲಿನಲ್ಲಿ
ಆನೆ ನೋಡುವವರನ್ನೆಲ್ಲ ಇಳಿಸಿ
ಎರಡು ಸೀಟಿ ಹೊಡೆದೆ. ಬಸ್ಸು ಹೊರಡಲಿಲ್ಲ.
ಹಾಲಪ್ಪ ಕನ್ನಡಿಯಲ್ಲಿ ಹುಡುಕಿದ,
"ಯಾವನೋ ಅದು, ಸೀಟಿ ಊದಿದ್ದು?"

ನಾಲಿಗೆ ಇಟ್ಟು ನೋಡಿದೆ. ಮುಂದಿನ ಹಲ್ಲಿನ ಪಕ್ಕ
ಒಂದು ಸಂದು, ಗಾಳಿ ಹೋಗುವಷ್ಟು.
ಇನ್ನೊಮ್ಮೆ ಊದಿದೆ.