ಗಾತ್ರ

ತಿಂಗಳಿಗೊಮ್ಮೆ ನಮ್ಮ ದ್ವೀಪಕ್ಕೆ ದಾದಿ ಬರುತ್ತಾಳೆ
ಬೆಲಾರ್ಮೀನೋನ ಲಾಂಚಿನಲ್ಲಿ,
ತೊಡೆಯ ಮೇಲೆ ಲಸಿಕೆಯ ಡಬ್ಬಿ.
ಮಾರ್ಚಿನಲ್ಲಿ ನನ್ನ ಕಿಬ್ಬೊಟ್ಟೆ ಒತ್ತಿದಳು
ಬಲಗೈಯಿಂದ, ಆಮೇಲೆ ಎಡಗೈಯಿಂದ,
ಆಮೇಲೆ ಕಿಟಕಿಯಾಚೆ ನೋಡುತ್ತ ಎರಡೂ ಕೈಯಿಂದ.
ಏನೋ ಇದೆ, ಎಂದಳು.
ಗಡ್ಡೆ.

ಐವತ್ತೆಂಟು ವರ್ಷ ಗಡ್ಡೆ ಅಗೆದವಳು ನಾನು.
ಚಿಲೋಯೆಯ ಕಪ್ಪು ಮಣ್ಣಲ್ಲಿ
ನೇರಳೆ, ಕೆಂಪು, ಬೆರಳಿನಂಥದು, ಗೆಣ್ಣಿನಂಥದು,
ಅಜ್ಜಿ ಕರೆಯುತ್ತಿದ್ದ ಇಪ್ಪತ್ತಾರು ಹೆಸರು ಇನ್ನೂ ಬಾಯಲ್ಲಿವೆ.
ಯಾವ ಜಾತಿಯದಮ್ಮ? ಎಂದು ಕೇಳಿದೆ.
ಅವಳು ನಗಲಿಲ್ಲ.
ಚೀಟಿ ಬರೆದಳು.

ಕಾಸ್ತ್ರೋ ಆಸ್ಪತ್ರೆಯಲ್ಲಿ ಹುಡುಗನೊಬ್ಬ
ಹೊಟ್ಟೆಗೆ ತಣ್ಣನೆ ಲೋಳೆ ಸವರಿ
ಪರದೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡ.
ಕಾಗದದಲ್ಲಿ ಇದ್ದದ್ದು ಇಷ್ಟು:
ಒಂಬತ್ತು ಸೆಂಟಿಮೀಟರ್ ಉದ್ದ, ಏಳು ಅಗಲ.
ಎಲ್ಲಿಂದ ಹುಟ್ಟಿದ್ದೋ ಹೇಳಲಾಗದು.
ಅಂಡಾಶಯವಿರಬಹುದು. ಇಲ್ಲದೆಯೂ ಇರಬಹುದು.
ತಜ್ಞರಿಗೆ ತೋರಿಸುವುದು.

ತಜ್ಞರು ನೀರಿನಾಚೆ, ಪೋರ್ತೋ ಮೋಂಟ್‌ನಲ್ಲಿ.
ನನ್ನ ಹೆಸರು ಪಟ್ಟಿ ಸೇರಿತು.
ಎರಡು ಸಲ ಫೋನ್ ಮಾಡುತ್ತಾರಂತೆ,
ಎತ್ತದಿದ್ದರೆ ಹೆಸರು ಹೊಡೆದು ಹಾಕುತ್ತಾರಂತೆ.
ನಮ್ಮಲ್ಲಿ ಸಿಗ್ನಲ್ ಸಿಗುವುದು ಪ್ರಾರ್ಥನಾಮಂದಿರದ ಹಿಂದಿನ ದಿಬ್ಬದಲ್ಲಿ,
ಅದೂ ಬಡಗಣ ಗಾಳಿ ಬೀಸದ ದಿನ.
ಏಪ್ರಿಲ್, ಮೇ, ಜೂನ್
ದಿಬ್ಬದ ಮೇಲೆ ಕೂತು ಕಾಲುಚೀಲ ಹೆಣೆದೆ, ಹನ್ನೊಂದು ಜೊತೆ.
ಕುರಿಗಳು ನನ್ನನ್ನು ಬಂಡೆಯೆಂದುಕೊಂಡು
ಮೈ ಉಜ್ಜಿಹೋಗತೊಡಗಿದವು.

ಊರು ಸುಮ್ಮನಿರುತ್ತದೆಯೇ.
ಬರೀ ನೀರು, ಎಂದಳು ರೊಸಾಲ್ಬಾ.
ಬಸುರೇನೋ ನೋಡಿಕೋ, ಎಂದ ಬೆಲಾರ್ಮೀನೋ,
ಅರವತ್ತನಾಲ್ಕರವಳಿಗೆ!
ನಾದಿನಿ ಎರ್ಸೀರಾ ಏನೂ ಅನ್ನಲಿಲ್ಲ.
ನನ್ನ ಲಂಗದ ಹುಕ್ಕು ಕಿತ್ತು ಎರಡು ಬೆರಳಾಚೆ ಹೊಲಿದಳು.
ಆಗಸ್ಟಿನಲ್ಲಿ ಇನ್ನೊಂದು ಬೆರಳು.

ರಾತ್ರಿ ಬೀಜದ ಮೂಟೆ ಬಿಚ್ಚಿ
ಒಂದೊಂದೇ ಆಲೂಗಡ್ಡೆ ಹೊಟ್ಟೆಯ ಮೇಲಿಟ್ಟು ಅಳೆಯುತ್ತಿದ್ದೆ.
ಇದು ಚಿಕ್ಕದು.
ಇದು ಉದ್ದ ಸರಿ, ದಪ್ಪ ಸಾಲದು.
ಸರಿಹೊಂದಿದ್ದೊಂದು ಕೈಗೆ ಸಿಕ್ಕ ರಾತ್ರಿ
ಮೂಟೆಗೆ ಮರಳಿ ಹಾಕಲಾಗಲಿಲ್ಲ, ಬೇಯಿಸಲೂ ಆಗಲಿಲ್ಲ.
ಕಿಟಕಿಯ ಹಲಗೆಯ ಮೇಲೆ
ಅದರ ಪಾಡಿಗೆ ಅದು ಮೊಳೆಯಿತು.

ಮೊದಲ ಕರೆ ಬಂದಾಗ ಹಸು ಈಯುತ್ತಿತ್ತು.
ಎರಡನೆಯದನ್ನು ದಿಬ್ಬದಲ್ಲಿದ್ದ ಎರ್ಸೀರಾ ಎತ್ತಿ
ನಾನೇ ಅವಳು ಎಂದಳು,
ಹುಟ್ಟಿದ ತಾರೀಕಿನ ಸಮೇತ.

ಕತ್ತಲಲ್ಲೇ ಲಾಂಚು, ಆಮೇಲೆ ಬಸ್ಸು,
ಬಸ್ಸನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಚಕಾವ್ ದಾಟುವ ಹಡಗು.
ಎಲ್ಲರೂ ಚೀಸಿನ ಕಡುಬು ಕೊಂಡರು.
ಉಪವಾಸ ಇರೆಂದು ನನಗೆ ಯಾರೂ ಹೇಳಿರಲಿಲ್ಲ.
ಆದರೂ ಇದ್ದೆ.

ಡಾಕ್ಟರ್ ಓಯಾರ್ಸೂನ್, ನನ್ನ ಮಗಳ ಓರಗೆಯವಳು,
ಕೈಗಳನ್ನು ಮೊದಲು ಬಿಸಿನೀರಲ್ಲಿ ಹಿಡಿದು ಬಂದಳು.
ಒತ್ತಿದಳು. ತಡೆದಳು. ಮತ್ತೆ ಒತ್ತಿದಳು.
ಪರದೆಯನ್ನು ನನ್ನ ಕಡೆ ತಿರುಗಿಸಿದಳು:
ಇಲ್ಲಿದೆ ನೋಡಿ.
ಏನೆಂದು ನನಗೂ ಗೊತ್ತಿಲ್ಲ.
ತೆರೆದು ನೋಡದೆ ಹೇಳಲಾರೆ.

ಆರು ತಿಂಗಳಲ್ಲಿ ಮೊದಲ ಸಲ
ನನ್ನ ಬೆನ್ನು ಕುರ್ಚಿಗೆ ತಾಗಿತು.
ಪ್ರತಿ ಕೊಯ್ಲಿನಲ್ಲೂ ಮೊಮ್ಮಕ್ಕಳಿಗೆ ನಾನು ಹೇಳುವುದೂ ಅದೇ ತಾನೆ,
ಸೊಪ್ಪು ನೋಡಿ ಗಡ್ಡೆಯ ಮಾತಾಡಬೇಡಿ.

ಇಪ್ಪತ್ತೊಂಬತ್ತಕ್ಕೆ ಬನ್ನಿ, ಎಂದಳು.
ಆ ವಾರ ಬಿತ್ತನೆ, ಎಂದೆ.
ಬೇರೆಯವರು ಬಿತ್ತಲಿ.
ಕಣ್ಣು ಮೇಲೆ ಬರುವಂತೆ ಇಡಬೇಕು, ಅವರು ಮರೆಯುತ್ತಾರೆ.
ಅವಳು ಪೆನ್ನು ಎತ್ತಿದಳು.
ಏನು ಬರೆದಳೋ, ನನಗೆ ಕಾಣಲಿಲ್ಲ.

ಹೊರಗೆ ಎರ್ಸೀರಾ ನನ್ನ ಕೋಟು ಹೊದ್ದು ಕೂತಿದ್ದಳು.
ಏನಂತೆ?
ಅವಳಿಗೂ ಗೊತ್ತಿಲ್ಲವಂತೆ, ಎಂದೆ,
ಹೇಳುವಾಗ ನಗು ಬಂತು, ಯಾಕೋ.
ಇಬ್ಬರಿಗೂ ಹಸಿವು.
ಮರಳುವ ಹಡಗಿನಲ್ಲಿ ಚೀಸಿನದು ಮುಗಿದಿತ್ತು,
ಚಿಪ್ಪುಮೀನಿನದು ಮಾತ್ರ ಇತ್ತು.