ತಿರುವು

ಇಲವಾಲದ ಆಚೆ ಹನ್ನೆರಡು ಎಕರೆ.
ಆಫೀಸಿನ ಹಾಳೆಯಲ್ಲಿ ಅದು ಆಗಲೇ ಬಡಾವಣೆ:
ಮೂವತ್ತು ನಲವತ್ತರ ಚೌಕಗಳು, ನೂಲು ಹಿಡಿದ ರಸ್ತೆ,
ಮೂಲೆಗೊಂದು ಪಾರ್ಕು, ಅಂಗೈಯಗಲ.

ಲೆವೆಲ್ ಯಂತ್ರದ ಮುಕ್ಕಾಲಿ ಊರಿ
ಒಂದು ಕಣ್ಣು ಮುಚ್ಚಿ ನೋಡಿದೆ.
ಬಸವಲಿಂಗು ಹಿಡಿದ ಅಳತೆಗೋಲು
ಬಿಸಿಲ ಝಳಕ್ಕೆ ನಡುಗುತ್ತಿತ್ತು.
ಪೂರ್ವಕ್ಕೆ ಮೂರಡಿ ಇಳುಕಲು. ಬರೆದುಕೊಂಡೆ.
ಇಷ್ಟೇ ತಾನೇ, ಮಣ್ಣು ತುಂಬಿದರಾಯಿತು.

ಹೊಂಗೆಯ ನೆರಳಲ್ಲಿ ನಿಂಗಾಜಮ್ಮ
ಎಲೆಗೆ ಸುಣ್ಣ ಸವರುತ್ತ ಕೇಳಿದಳು:
"ಏನ್ ಅಳೀತಿದ್ದೀ ಮಗ?"
"ನೆಲದ ಏರಿಳಿತ."
"ಅದುಕ್ಕ್ಯಾಕೆ ಇಷ್ಟು ಪಾಡು? ನಮ್ಮೆಮ್ಮೆ ಕೇಳು."

ಎಮ್ಮೆ ಮಲಗಿದ್ದದ್ದು ನಲವತ್ತೊಂದನೇ ಸೈಟಿನಲ್ಲಿ.
ಏಪ್ರಿಲ್ಲಿನ ಮಧ್ಯಾಹ್ನ, ಸುತ್ತ ನೆಲವೆಲ್ಲ ಕಾದ ಕಾವಲಿ.
ಕೂತು ಕೈಯಿಟ್ಟೆ:
ತಣ್ಣಗಿತ್ತು, ಮಡಕೆಯ ಹೊಟ್ಟೆಯ ಹಾಗೆ.
"ಕೆರೆ ಕೋಡಿ ಬಿದ್ದ ವರ್ಸ ನೀರು ಇಲ್ಲೇ ಹಾಯೋದು.
ಮನೆ ಕಟ್ಬುಟ್ರೆ, ಪಾಪ, ಅದೆಲ್ಲಿಗೋದಾತು?"

ಆ ರಾತ್ರಿ ರಬ್ಬರು ಸವೆಯಿತು.
ಷಡಕ್ಷರಿ ಸಾಹುಕಾರರು ಬೆರಳು ಮಡಚಿ ಎಣಿಸಿದರು,
ಹನ್ನೊಂದು ಸೈಟು ಹೋಯಿತಲ್ಲ!
ಮೂರು ದಿನ ಮಾತಿಲ್ಲ.
ಕೊನೆಗೆ ಒಂಬತ್ತು ಬಿಡಲು ಒಪ್ಪಿದರು.
ಉಳಿದೆರಡು, ಜೋರು ಮಳೆಯ ರಾತ್ರಿ,
ನನ್ನ ನಿದ್ದೆಯ ಬಾಗಿಲು ತಟ್ಟುತ್ತವೆ.

ಈಗ ಅಲ್ಲಿ ರಸ್ತೆ ಸುಮ್ಮನೆ ಬಾಗುತ್ತದೆ.
ಹೊಂಗೆ ಹಾಗೇ ಇದೆ, ಬಲಕ್ಕೆ ಜೊಂಡಿನ ಹಳ್ಳ.
ಸ್ಕೂಟರಿನವರು ಬ್ರೇಕು ಹಿಡಿದು ಗೊಣಗುತ್ತಾರೆ:
ಯಾವನಯ್ಯ ಇದನ್ನ ಸೊಟ್ಟಗೆ ಎಳೆದವನು?

ಎಮ್ಮೆ ಅಂದರೆ
ನಂಬುವುದಿಲ್ಲ.