ಬೆನ್ನಿಗೆ ಮುಂಬಾಗಿಲು

ಹತ್ತೊಂಬತ್ತು ವರ್ಷ ಮುದುಕರನ್ನು ಎತ್ತಿದೆ,
ರೋಸ್ಟೊಕ್ ಬಂದರಿನ ಹಿಂದಿನ ವೃದ್ಧಾಶ್ರಮದಲ್ಲಿ:
ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸ್ನಾನದ ತೊಟ್ಟಿಗೆ,
ತೊಟ್ಟಿಯಿಂದ ಮತ್ತೆ ಹಾಸಿಗೆಗೆ.
ಹಡಗು ಕಟ್ಟಿದವರು, ಹೆರಿಂಗ್ ಮೀನಿಗೆ ಉಪ್ಪು ಹಾಕಿದವರು,
ಎಲುಬಷ್ಟೇ ಉಳಿದವರೂ
ಒಮ್ಮೊಮ್ಮೆ ಹಡಗಿನಷ್ಟೇ ಭಾರ.

ಒಂದು ಮಂಗಳವಾರ, ಬಿದ್ದ ಚಮಚಕ್ಕೆಂದು ಬಾಗಿದೆ.
ಚಮಚ ಅಲ್ಲೇ ಉಳಿಯಿತು. ನಾನೂ.

ಆಮೇಲೆ ಕಾಲಿನುದ್ದಕ್ಕೂ ಬೆಂಕಿಯ ದಾರ,
ಕೆಮ್ಮಿದರೆ ಕಿಡಿ.
ಎರಡು ಚಳಿಗಾಲ ಹಾರ್ಮ್ ನನಗೆ ಸಾಕ್ಸು ತೊಡಿಸಿದ,
ಹಿಮ್ಮಡಿ ಯಾವಾಗಲೂ ಓರೆ.
ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಡಾಕ್ಟರ್ ಬ್ರುನ್ಸ್ ಮೇಜಿನ ಮೇಲೆ ಮಾದರಿ ಇಟ್ಟರು:
ಲೋಹದ ಎರಡು ಬಿಲ್ಲೆ,
ನಡುವೆ ಬಿಳಿ ಪ್ಲಾಸ್ಟಿಕ್ಕಿನ ಪುಟ್ಟ ದಿಂಬು.
ಮನೆಯ ಕೀಲಿಗೊಂಚಲಿಗಿಂತ ಹಗುರ.
"ಮೂಳೆಗೆ ಮೂಳೆ ಬೆಸೆದರೂ ಆದೀತು,
ಆದರೆ ಅದು ಬಾಗದು."
ಬಾಗುವುದೇ ನನ್ನ ಕಸುಬು, ಎಂದೆ.

ಬೆನ್ನಿನ ಕೆಲಸಕ್ಕೆ ಬೆನ್ನ ಕಡೆಯಿಂದ ಬರುವುದಿಲ್ಲವಂತೆ.
ಹೊಟ್ಟೆಯಿಂದ ದಾರಿ: ಕರುಳನ್ನು ಬದಿಗೆ ಸರಿಸಿ,
ದೊಡ್ಡ ರಕ್ತನಾಳಗಳನ್ನು ಪರದೆಯಂತೆ ಹಿಡಿದು.
ಹಳೆಯ ಗೆರೆಯ ಮೇಲೇ ಕೊಯ್ದರು,
ಯೋರಿಸ್ ಹೊರಬಂದ ಬಾಗಿಲು.
ಮಗ ಬಂದ ದಾರಿಯಲ್ಲಿ ಬಿಲ್ಲೆ ಒಳಗೆ ಹೋಯಿತು.
ನೋವು ಶುರುವಾದದ್ದೂ ಅವನಿಂದಲೇ ಎನ್ನುತ್ತಾರೆ ಅತ್ತೆ.
ಹುಡುಗನ ಎದುರಿಗೇ.

ಹಳೆಯದನ್ನು ನನಗೆ ತೋರಿಸಿ ಎಂದು ಕೇಳಿದ್ದೆ.
ಹಿಚುಕಿದ ಏಡಿಯ ಮಾಂಸದಂತಿತ್ತಂತೆ, ಚೂರುಚೂರು;
ಬಿಸಾಡಿದರಂತೆ.
ಹತ್ತೊಂಬತ್ತು ವರ್ಷ, ಒಂದು ಚಮಚದಷ್ಟು.

ಮರುದಿನವೇ ನಡೆಸಿದರು. ಬೆಂಕಿ ಇರಲಿಲ್ಲ.
ಉಂಗುರ ಕಳೆದ ಬೆರಳನ್ನು ತಡವುವ ಹಾಗೆ
ಮತ್ತೆ ಮತ್ತೆ ಕಾಲು ತಡವಿಕೊಂಡೆ.

ಏಪ್ರಿಲ್‌ನಲ್ಲಿ ಕೆಲಸಕ್ಕೆ ಮರಳಿದೆ. ಎತ್ತುವ ಹಾಗಿಲ್ಲ;
ಮಾತ್ರೆ ಹಂಚು, ಕಾಗದ ತುಂಬು.
ಎತ್ತುವುದು ಈಗ ಯಂತ್ರ, ಗುಂಯ್ ಎನ್ನುತ್ತಾ.
ಫ್ರೌ ಓಲ್ಕೆ, ತೊಂಬತ್ತೆರಡು,
ಜೋಲಿಯಲ್ಲಿ ತೂಗುತ್ತಾ ಅಲ್ಲಿಂದಲೇ ಕೇಳಿದರು:
"ನಿನ್ನನ್ನು ಯಾರು ಎತ್ತಿದರು, ವೀಬ್ಕೆ?"

ಉತ್ತರ ಹೊಳೆಯುವ ಮೊದಲೇ
ಅವರ ಒಂದು ಕಾಲಿನ ಚಪ್ಪಲಿ ಜಾರಿ ಬಿತ್ತು.
ಬಾಗಿದೆ.
ಎತ್ತಿಕೊಂಡೆ.
ಎತ್ತಿಕೊಂಡ ಮೇಲೂ ಒಂದು ಗಳಿಗೆ
ಬಾಗಿಯೇ ಇದ್ದೆ,
ಬೇಕೆಂದೇ.